ಸ್ವಲ್ಪ ಹೊತ್ತು ಹರಿಯಬಿಡಿ

"ಇನ್ನೊಂದ್ಸಲ," ಅಂದ ಹೆಡ್‌ಫೋನಿನವನು. "'ಬೆಳ್ಳಗೆ' ಅನ್ನೋವಾಗ ನಿಮ್ಮ ಕುರ್ಚಿ ಕಿರ್ ಅಂತು."

ಅವಳು ಕುರ್ಚಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿ, ನಿಂತುಕೊಂಡೇ ಓದಿದಳು.

'ನಿಮ್ಮ ನಲ್ಲಿಯ ನೀರು ಹಾಲಿನಂತೆ ಬೆಳ್ಳಗೆ ಬರುತ್ತಿದೆಯೇ? ಗಾಬರಿಯಾಗಬೇಡಿ. ಅದು ಬರೀ ಗಾಳಿ. ಗಾಜಿನ ಲೋಟದಲ್ಲಿ ಹಿಡಿದಿಟ್ಟರೆ ತಳದಿಂದ ಮೇಲಕ್ಕೆ ತಾನಾಗಿ ತಿಳಿಯಾಗುತ್ತದೆ.'

"ಆಹಾ! ಈ ದನೀಲಿ ನಿಮ್ಮನೆಗೆ ಬೆಂಕಿ ಬಿದ್ದಿದೆ ಅಂದ್ರೂ ಜನ 'ಹೌದಾ, ಇನ್ನೊಂದ್ಸಲ ಹೇಳಿ' ಅಂತಾರೆ. ಮುಂದಿಂದು. ಆರು. ಕಂದು ನೀರು."

ಆರನೆಯದನ್ನೂ ಓದಿದಳು. ಹತ್ತಿರದಲ್ಲೆಲ್ಲೋ ಪೈಪಿನ ಕೆಲಸ ನಡೆದಿರಬಹುದು, ನಲ್ಲಿಯನ್ನು ಸ್ವಲ್ಪ ಹೊತ್ತು ಹರಿಯಬಿಡಿ. ಮಧ್ಯದಲ್ಲಿ ಹೊರಗೆ ಯಾರೋ ಮೆಟ್ಟಿಲಿಳಿದರು. ಅವನು ಕೈಯೆತ್ತಿ ತಡೆದು, ಹೆಜ್ಜೆಯ ಸದ್ದು ಪೂರ್ತಿ ಅಡಗುವ ತನಕ ಕಾದು, ಮತ್ತೆ ಕೈ ಇಳಿಸಿದ.

ಅದು ನೀರು ಸರಬರಾಜು ಕಚೇರಿಯ ಉಗ್ರಾಣ. ಗೋಡೆಗೆ ಕಂಬಳಿ ಹೊಡೆದು, ಬಾಗಿಲಿಗೆ ಹಳೆಯ ಹಾಸಿಗೆ ಒರಗಿಸಿ ರೆಕಾರ್ಡಿಂಗ್ ಕೋಣೆ ಮಾಡಿದ್ದರು. ಮೂಲೆಯಲ್ಲಿ ಮನೆಮನೆಗಳಿಂದ ಕಿತ್ತು ತಂದ ಹಳೆಯ ಮೀಟರುಗಳ ರಾಶಿ. ಒಂದೊಂದರ ಗಾಜಿನ ಹಿಂದೆಯೂ ಒಂದೊಂದು ಅಂಕಿ ನಿಂತುಬಿಟ್ಟಿತ್ತು. ಅಷ್ಟು ಕಣ್ಣುಗಳ ಎದುರು ಓದುವುದು ಅವಳಿಗೆ ಬೆಳಗ್ಗೆಯಿಂದಲೂ ಮುಜುಗರ.

"ಏಳು," ಅಂದ ಅವನು.

'ನಿಮ್ಮ ನೀರಿಗೆ ವಾಸನೆ ಇದೆಯೇ?' ಅಂತ ಓದಿ ನಿಲ್ಲಿಸಿದಳು.

ಮೀಟರುಗಳು ಕಾದವು. ಹೆಡ್‌ಫೋನಿನವನೂ ಕಾದ.

"ಮುಂದೆ?"

"ಇದನ್ನ ಆಮೇಲೆ ಓದ್ತೀನಿ."

"ಗಂಟಲು ಒಣಗ್ತಾ? ನೀರು ತರಿಸ್ಲಾ?"

"ಬೇಡ. ಆಮೇಲೆ."

ಅವಳು ಹಾಸಿಗೆಯನ್ನು ಸರಿಸಿ ಹೊರಗೆ ಬಂದಳು. ಏಳನೆಯ ಉತ್ತರ ಬಾಯಿಪಾಠವಾಗಿತ್ತು. ಫೋನಿನಲ್ಲಿ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ: ಅದು ನಿಮ್ಮ ಸುರಕ್ಷತೆಗಾಗಿ ಬೆರೆಸುವ ಕ್ಲೋರಿನ್, ನಲ್ಲಿಯನ್ನು ಸ್ವಲ್ಪ ಹೊತ್ತು ಹರಿಯಬಿಡಿ, ವಾಸನೆ ಹೋಗುತ್ತದೆ, ನಿಮ್ಮ ನೀರು ಕುಡಿಯಲು ಯೋಗ್ಯವಾಗಿದೆ. ಭಾನುವಾರ ಚಿಕ್ಕಮ್ಮನ ಮನೆಯಲ್ಲಿ ಮುಖ ತೊಳೆಯಲು ನಲ್ಲಿ ತಿರುಗಿಸಿದಾಗ ಬಂದದ್ದು ಮಾತ್ರ ಕ್ಲೋರಿನ್ ಅಲ್ಲ. ಪೆಟ್ರೋಲ್ ಬಂಕಿನಲ್ಲಿ ಗಾಡಿಯ ಟ್ಯಾಂಕಿನ ಬಾಯಿ ತೆರೆದ ಹಾಗಿತ್ತು.

ಮೇಲಿನ ಹಾಲ್‌ನಲ್ಲಿ ಫೋನುಗಳು ಬಡಿದುಕೊಳ್ಳುತ್ತಿದ್ದವು.

"ಬಂದ್ಳು ನೋಡ್ರೇ, ರೇಡಿಯೋ!" ಅಂದಳು ಪಕ್ಕದ ಸೀಟಿನ ಅಕ್ಕ. ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. "ಮುಗೀತಾ? ನಮ್ಮನ್ನೆಲ್ಲ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದ್ಯಾ?"

ತಮಾಷೆಯೇ, ಆದರೆ ಸುಳ್ಳಲ್ಲ. ಬರುವ ತಿಂಗಳಿನಿಂದ ಫೋನೆತ್ತುವುದು ಯಂತ್ರ. ನೀರು ಬರದಿದ್ದರೆ ಒಂದನ್ನು ಒತ್ತಿ, ಬಿಲ್ಲಿಗೆ ಎರಡನ್ನು ಒತ್ತಿ, ವಾಸನೆಗೆ ಏಳನ್ನು ಒತ್ತಿ. ಜನ ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಒಂದೇ ದನಿ ಉತ್ತರ ಕೊಡುತ್ತದೆ. ಹಾಲ್‌ನ ಹೆಂಗಸರನ್ನು ಬೇರೆಬೇರೆ ಕಡೆ ಎಸೆಯುತ್ತಾರೆ, ಕೆಲವರನ್ನು ಮನೆಗೆ. ದನಿ ಮಾತ್ರ ಉಳಿಯುತ್ತದೆ, ಖಾಯಂ ನೌಕರಿಯೊಂದಿಗೆ.

"ದನಿಗೆ ಖಾಯಂ ಆದ್ರೆ ಜೊತೆಗಿರೋ ದೇಹಕ್ಕೂ ಸಂಬಳ ಕೊಡ್ಲೇಬೇಕಲ್ಲ," ಅಂದಿದ್ದಳು ಅಕ್ಕ, ಸುದ್ದಿ ಬಂದ ದಿನ. ಹೊಟ್ಟೆಕಿಚ್ಚಿರಲಿಲ್ಲ ಆ ಮಾತಿನಲ್ಲಿ. ಇದ್ದರೂ ಚೂರೇ ಚೂರು.

ಅವಳು ಕಿವಿಗೆ ಫೋನು ಸಿಕ್ಕಿಸಿಕೊಂಡಳು. ಗೋಡೆಯ ಮೇಲೆ ಊರಿನ ನಕ್ಷೆ, ಅದರ ಮೇಲೆ ಬಣ್ಣದ ಕಾಗದದ ಚುಕ್ಕೆಗಳು. ಇಲ್ಲಿಯ ಪದ್ಧತಿ ಇದು: ದೂರು ಹೇಳಿದವರು ಅದೇ ದಿನ ಮತ್ತೆ ಫೋನ್ ಮಾಡದಿದ್ದರೆ ದೂರು ಬಗೆಹರಿದಂತೆ. ಹಸಿರು ಚುಕ್ಕೆ. ವಾಸನೆ ಅಂದವರಿಗೆ ನಲ್ಲಿ ಹರಿಯಬಿಡಿ ಅನ್ನುತ್ತಾರೆ; ಹರಿಯಬಿಟ್ಟರೆ ವಾಸನೆ ನಿಜಕ್ಕೂ ಹೋಗುತ್ತದೆ; ಮತ್ತೆ ಫೋನ್ ಬರುವುದಿಲ್ಲ; ಹಸಿರು. ಮರುದಿನ ಬೆಳಗ್ಗೆ ವಾಸನೆ ತಿರುಗಿ ಬಂದರೆ ಅದು ಹೊಸ ದೂರು, ಸಂಜೆಗೆ ಹೊಸ ಹಸಿರು. ಹೀಗಾಗಿ ಚಿಕ್ಕಮ್ಮನ ಬೀದಿಯಲ್ಲಿ ನಕ್ಷೆಯೇ ಕಾಣುತ್ತಿರಲಿಲ್ಲ. ಚುಕ್ಕೆಯ ಮೇಲೆ ಚುಕ್ಕೆ ಬಿದ್ದು ಪಾಚಿ ಕಟ್ಟಿತ್ತು. ಊರಿಗೆಲ್ಲ ಅದಕ್ಕಿಂತ ಹೆಚ್ಚು ಬಗೆಹರಿದ ಬೀದಿ ಇನ್ನೊಂದಿರಲಿಲ್ಲ.

ಫೋನ್ ಬಂತು.

"ನಮಸ್ಕಾರ, ನೀರು ಸರಬರಾಜು ವಿಭಾಗ. ತಮಗೆ ಏನು ಸಹಾಯ ಮಾಡಲಿ?"

"ತಮಗೆ ಅಂತೆ! ನಿನ್ನ ಹೇನು ತೆಗೆದು ಜಡೆ ಹೆಣೆದೋಳಿಗೆ ತಮಗೆ ಅಂತೀಯೇನೇ?"

ಚಿಕ್ಕಮ್ಮ. ಅಮ್ಮ ಹೋದ ಮೇಲೆ ಸಾಕಿದವಳು. ಬೀದಿಬದಿಯ ತನ್ನ ಮನೆಯ ಮುಂದಿನ ಕೋಣೆಯಲ್ಲೇ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟುಕೊಂಡವಳು.

"ಮೇಡಂ, ಈ ಕರೆ ರೆಕಾರ್ಡ್ ಆಗ್ತಿದೆ."

"ಆಗ್ಲಿ. ಕೇಳಿಸ್ಕೊಳ್ಳೋರು ಚೆನ್ನಾಗಿ ಕೇಳಿಸ್ಕೊಳ್ಲಿ. ಬೆಳಗ್ಗೆ ಒಬ್ಬಳಿಗೆ ತಲೆ ತೊಳೆದೆ. ಕತ್ತರಿ ತಗೊಳ್ಳೋದ್ರೊಳಗೆ ಒದ್ದೆ ತಲೆಗೆ ಟವೆಲ್ ಸುತ್ಕೊಂಡು ಎದ್ದೇ ಹೋದ್ಲು. ಹೋಗ್ತಾ ಏನಂದ್ಲು ಗೊತ್ತಾ? ಇವತ್ತು ಗಂಡ ಸಿಗರೇಟು ಹಚ್ಚಿದ್ರೆ ಪಕ್ಕ ನಿಲ್ಲೋಕೆ ಭಯ ಅಂತೆ."

"ಯಾವ ಥರದ ವಾಸನೆ ಮೇಡಂ? ಆಸ್ಪತ್ರೆ ವಾಸನೆ ಥರಾನಾ?"

"ನೋಡು, ನೀವೇ ಉತ್ತರ ಬಾಯಿಗಿಟ್ರೆ ಎಲ್ಲಾರೂ ಹೂಂ ಹೂಂ ಅಂತ ನುಂಗ್ತಾರೆ. ಆಸ್ಪತ್ರೆ ಅಲ್ಲ. ಪೆಟ್ರೋಲು. ಭಾನುವಾರ ಬಂದಾಗ ಮುಖ ಕಿವುಚ್ಕೊಂಡೋಳು ನೀನೇ ತಾನೇ?"

ಅವಳು ದೂರಿನ ಚೀಟಿಯಲ್ಲಿ 'ವಾಸನೆ' ಅಂತ ಬರೆದುಕೊಂಡಳು.

"ಸರಿ, ನನ್ನ ಅಂಗಡಿ ಹಾಳಾಗ್ಲಿ ಬಿಡಿ ಮೇಡಂ," ಚಿಕ್ಕಮ್ಮ 'ಮೇಡಂ' ಅನ್ನು ಎಳೆದು ಹಿಂಡಿದಳು. "ಎದುರುಮನೆ ಹುಡುಗಿ ಇಲ್ಲೇ ನಿಂತಿದಾಳೆ. ಮೊನ್ನೆ ಮೊನ್ನೆ ಹೆತ್ತೋಳು. ಮಗೂಗೆ ಹಾಲಿನ ಪುಡಿ ಕಲಸ್ಬೇಕು. ಕುದಿಸಿದ್ರೆ ಆಗುತ್ತಾ ಅಂತ ಕೇಳ್ತಿದಾಳೆ. ಕುಡೀಬಹುದಾ, ಬೇಡ್ವಾ? ಒಂದು ಮಾತು ಹೇಳಿ."

ಅದಕ್ಕೂ ಉತ್ತರವಿತ್ತು. ಒಂಬತ್ತನೆಯದು. ಕುದಿಸಿ ಆರಿಸಿದ ನೀರು ಶಿಶುಗಳಿಗೆ ಯೋಗ್ಯ. ಏಳು ಹೇಳಿ ಒಂಬತ್ತು ಹೇಳಿದರೆ ಕರೆ ಮುಗಿಯುತ್ತದೆ. ಸಂಜೆಗೆ ಇನ್ನೊಂದು ಹಸಿರು. ಎರಡೂ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಅವಳು ಬಾಯಿ ತೆರೆದಳು.

"ಕುಡೀಬೇಡಿ," ಅಂದಳು. "ಕುದಿಸಿದ್ರೂ ಬೇಡ. ಮಗೂಗೆ ಬೇರೆ ಕಡೆಯಿಂದ ನೀರು ತನ್ನಿ."

ಆ ಕಡೆ 'ಬೇಡ್ವಂತೆ ಕಣೇ' ಅಂದದ್ದು ಕೇಳಿಸಿತು. ಆಮೇಲೆ ಚಿಕ್ಕಮ್ಮ ಮೆಲ್ಲಗೆ, "ಇಷ್ಟು ದಿನ ಎಲ್ಲಿಟ್ಟಿದ್ಯೇ ಈ ಬಾಯನ್ನ?" ಅಂದು ಫೋನಿಟ್ಟಳು.

ಪಕ್ಕದ ಸೀಟಿನ ಅಕ್ಕ ತನ್ನ ಫೋನಿಗೆ ಅಂಗೈ ಮುಚ್ಚಿ ತಿರುಗಿದ್ದಳು. "ಯಾರಿಗೆ ಹೇಳ್ದೆ ಅದನ್ನ?"

"ಗ್ರಾಹಕರಿಗೆ."

"ತಲೆ ಕೆಟ್ಟಿದ್ಯಾ? ಹತ್ತಿ ಸಾಹೇಬರು ಕೇಳಿಸ್ಕೊಂಡ್ರೆ?"

"ಕೇಳಿಸ್ಕೊಳ್ತಾರೆ. ರೆಕಾರ್ಡ್ ಆಗಿದೆಯಲ್ಲ."

ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಹಾಲ್‌ನ ಕಡೆ ತಿರುಗಿ ಗಂಟಲೆತ್ತಿದಳು. "ಏಯ್, ಆ ಪಾಚಿ ಬೀದಿಯಿಂದ ಫೋನ್ ಬಂದ್ರೆ ಎಲ್ಲಾ ಇವಳ ಕಡೆ ತಳ್ರೇ. ಹೇಗೂ ಇವಳು ಮುಳುಗಿದಾಳೆ. ನಾವ್ಯಾಕೆ ಒದ್ದೆ ಆಗೋಣ."

ತಳ್ಳಿದರು. ಮಧ್ಯಾಹ್ನವೆಲ್ಲ ಆ ಬೀದಿಯೇ ಅವಳ ಕಿವಿಯಲ್ಲಿ ಸಾಲುಗಟ್ಟಿತು. ಬಟ್ಟೆ ಹೊಲಿಯುವವನು, ಮೂರನೇ ಮಹಡಿಯ ಮುದುಕಪ್ಪ, ನಾಯಿ ಕೂಡ ಮೂಸಿ ಹಿಂದೆ ಸರಿಯಿತು ಅಂದ ಒಬ್ಬಳು. ಎಲ್ಲರಿಗೂ ಅದೇ ದನಿ, ಅದೇ ಮಾತು. ಕುಡೀಬೇಡಿ. ಪ್ರತಿ ಸಲವೂ ಮಾತು ಇನ್ನಷ್ಟು ಸಲೀಸಾಗಿ ಬಂತು. ಹಾಗೆ ಬರುವುದು ಅವಳಿಗೇ ವಿಚಿತ್ರವೆನಿಸಿತು.

ಹತ್ತಿ ಸಾಹೇಬರು ವಿಭಾಗದ ಮುಖ್ಯಸ್ಥರು. ಆಡುವ ಮಾತನ್ನೆಲ್ಲ ಹತ್ತಿಯಲ್ಲಿ ಸುತ್ತಿ ಕೊಡುತ್ತಿದ್ದರು, ಅದಕ್ಕೇ ಆ ಹೆಸರು. ಸಂಜೆ ಆ ಕರೆಯ ರೆಕಾರ್ಡ್ ಕೇಳಿಸಿಕೊಂಡು ಬಂದು ಅವಳ ಮೇಜಿನ ಪಕ್ಕ ನಿಂತರು. ಸಿಟ್ಟಾಗಲಿಲ್ಲ.

"ನಾಳೆ ಬೆಳಗ್ಗೆ ನಿಮ್ಮ ಚಿಕ್ಕಮ್ಮನ ಮನೆಗೇ ಬಾಟಲಿಯವನನ್ನ ಕಳಿಸ್ತೀನಮ್ಮ. ನೀರು ಹಿಡಿದು ತರ್ತಾನೆ, ಪರೀಕ್ಷೆ ಆಗ್ಲಿ. ಬಾಟಲಿ ಸುಳ್ಳು ಹೇಳಲ್ಲ. ಆಮೇಲೆ ನೀನೂ ನಾನೂ ಮಾತಾಡೋಣ."

*

ಬೆಳಗ್ಗೆ ಚಿಕ್ಕಮ್ಮನ ಮನೆಯ ನಲ್ಲಿಗಳಿಗೆಲ್ಲ ಪ್ಲಾಸ್ಟಿಕ್ ಚೀಲ ಬಿಗಿದು ಕಟ್ಟಿತ್ತು.

"ನಿನ್ನೆ ಸಂಜೆಯಿಂದ ಯಾರೂ ಮುಟ್ಟಿಲ್ಲ," ಅಂದಳು ಚಿಕ್ಕಮ್ಮ. "ಹಲ್ಲು ಕೂಡ ಉಜ್ಜಿಲ್ಲ. ದೂರ ನಿಂತು ಮಾತಾಡು."

ಅಂಗಡಿಯ ಕನ್ನಡಿಯಲ್ಲಿ ಖಾಲಿ ಕುರ್ಚಿ ಕಾಣುತ್ತಿತ್ತು. ನೆಲದ ಮೇಲೆ ಒಂದು ಎಳೆ ಕೂದಲೂ ಇರಲಿಲ್ಲ. ಯಾವಾಗಲೂ ಕೂದಲು ಗುಡಿಸಿ ಸೊಂಟ ಬಿತ್ತು ಎಂದು ಗೊಣಗುತ್ತಿದ್ದವಳು ಈಗ ಬರಿಯ ನೆಲವನ್ನೇ ಎರಡೆರಡು ಸಲ ಗುಡಿಸುತ್ತಿದ್ದಳು.

ಬಾಟಲಿಯವನು ಬಂದ. ಪೆಟ್ಟಿಗೆ ಕೆಳಗಿಟ್ಟು, ಕೈಗವಸು ಹಾಕಿಕೊಂಡು, ಅಡುಗೆಮನೆಯ ನಲ್ಲಿಯ ಚೀಲ ಬಿಚ್ಚಿದ. ಪೂರ್ತಿ ತಿರುಗಿಸಲು ಕೈ ಹಾಕಿದ.

"ನಿಲ್ಸಿ! ನಿಲ್ಸಿ!" ಅವಳು ಅವನ ಮಣಿಕಟ್ಟು ಹಿಡಿದಳು. "ಏನ್ ಮಾಡ್ತಿದೀರಾ?"

"ನಲ್ಲಿ ಬಿಡ್ತಿದೀನಿ. ಸ್ವಲ್ಪ ಹೊತ್ತು ಹರಿಸಿ ಆಮೇಲೆ ಹಿಡೀಬೇಕು."

"ಯಾಕೆ?"

"ಯಾಕೆ ಅಂದ್ರೆ..." ಅವನು ನಿಜಕ್ಕೂ ಆಶ್ಚರ್ಯಪಟ್ಟ. ಇದುವರೆಗೆ ಯಾರೂ ಕೇಳಿರಲಿಲ್ಲ ಅಂತ ಕಾಣುತ್ತದೆ. "ನಿಂತಿದ್ದ ನೀರು ನಿಮ್ಮ ಮನೆ ಪೈಪಿನ ಗುಣ ಹೇಳುತ್ತೆ. ನಮಗೆ ಬೇಕಾಗಿರೋದು ನಮ್ಮ ನೀರಿನ ಗುಣ. ಅದಕ್ಕೆ ಹರಿಸಿ ಹಿಡಿಯೋದು. ನಿಯಮ."

"ಜನ ಬೆಳಗ್ಗೆ ಎದ್ದು ಕುಡಿಯೋದು ನೀರನ್ನೋ ನಿಯಮಾನೋ?" ಅಂತ ಚಿಕ್ಕಮ್ಮ ತಲೆ ತೊಳೆಯುವ ಬೋಗುಣಿಯನ್ನು ಅವರಿಬ್ಬರ ನಡುವೆ ತೂರಿಸಿ ನಲ್ಲಿಯನ್ನು ತಾನೇ ತಿರುಗಿಸಿದಳು. ಮೊದಲ ನೀರು ಬೋಗುಣಿಗೆ ಬಿತ್ತು. ನೋಡಲು ಅಚ್ಚ ಕನ್ನಡಿ. "ಮೂಸಿ."

"ಅಮ್ಮಾ, ನನ್ನ ಕೆಲಸ ಮೂಸೋದಲ್ಲ..."

"ಮೂಗು ಸ್ವಂತದ್ದು ತಾನೇ? ಸರ್ಕಾರದ್ದಲ್ವಲ್ಲ? ಮೂಸಿ."

ಅವನು ಬಗ್ಗಿದ. ಥಟ್ಟನೆ ಹಿಂದೆ ಸರಿದ. ಸುಮ್ಮನೆ ಕಿಟಕಿಯ ಹೊರಗೆ ನೋಡಿದ. ಬೀದಿಯ ಮೂಲೆಯಲ್ಲಿ ಮೊದಲು ಗಾಡಿ ರಿಪೇರಿಯ ಹಳೆಯ ಶೆಡ್ ಒಂದಿತ್ತು, ಅದು ಈಗಿಲ್ಲ; ನೆಲದೊಳಗಿದ್ದ ಅದರ ಪೆಟ್ರೋಲ್ ಟ್ಯಾಂಕನ್ನು ಬೇಸಿಗೆಯಲ್ಲಿ ಅಗೆದು ಎತ್ತಿಕೊಂಡು ಹೋಗಿದ್ದರು.

"ಆ ಟ್ಯಾಂಕ್ ಸೋರಿರ್ಬೇಕು," ಅಂದ ಕೊನೆಗೆ. "ಮಣ್ಣು ಕುಡಿದಿದೆ. ಇಲ್ಲೆಲ್ಲ ಪ್ಲಾಸ್ಟಿಕ್ ಪೈಪು. ಪ್ಲಾಸ್ಟಿಕ್ ಎಣ್ಣೇನ ತಡೆಯಲ್ಲ, ರಾತ್ರಿಯೆಲ್ಲ ನಿಂತ ನೀರಿಗೆ ಇಳಿಯುತ್ತೆ. ನಲ್ಲಿ ಬಿಟ್ರೆ ಕೊಚ್ಕೊಂಡು ಹೋಗುತ್ತೆ."

"ಎಷ್ಟು ಸಲ ಬಂದಿದೀರಾ ಈ ಬೀದಿಗೆ?" ಅಂತ ಕೇಳಿದಳು ಅವಳು.

"ಬರ್ತಾನೇ ಇದೀನಿ."

"ಪ್ರತಿ ಸಲಾನೂ ಹರಿಸಿ ಹಿಡಿದ್ರಿ."

ಅವನು ನಲ್ಲಿ ಪೂರ್ತಿ ಬಿಟ್ಟ. ನೀರು ಭರ್ರನೆ ಬಿತ್ತು. ಮೂವರೂ ನಿಂತು ನೋಡಿದರು. ಆಮೇಲೆ ಬಾಟಲಿಗೆ ಹಿಡಿದ, ಬಿರಡೆ ಹಾಕಿದ, ಚೀಟಿ ಅಂಟಿಸಿದ.

"ಬೋಗುಣೀದು?" ಅಂದಳು ಚಿಕ್ಕಮ್ಮ.

"ಬೋಗುಣಿಗೆ ನಂಬರ್ ಇಲ್ಲಮ್ಮ. ಲ್ಯಾಬಲ್ಲಿ ತಗೊಳ್ಳಲ್ಲ." ಪೆಟ್ಟಿಗೆ ಎತ್ತಿಕೊಂಡು ಹೊಸ್ತಿಲ ತನಕ ಹೋದವನು ತಿರುಗಿದ. "ಕೈಗೂಸು ಇರೋ ಮನೆ ಇಲ್ಲೆಲ್ಲಾದ್ರೂ ಇದೆಯಾ?"

ಚಿಕ್ಕಮ್ಮ ಎದುರುಮನೆ ತೋರಿಸಿದಳು.

"ಮಗೂಗೆ ಕೊಡ್ಬೇಡಿ ಅಂತ ಅವರಿಗೆ ಹೇಳಿ. ನಾನು ಹೇಳಿದೆ ಅನ್ಬೇಡಿ."

"ನೀನು ಹೇಳಿದೆ ಅಂತಾನೇ ಹೇಳ್ತೀನಿ," ಅಂದಳು ಚಿಕ್ಕಮ್ಮ. "ಹೆಸರು ಗೊತ್ತಿಲ್ಲ, ಉಳ್ಕೊಂಡೆ ಹೋಗು."

*

ಬಾಟಲಿ ಸುಳ್ಳು ಹೇಳಲಿಲ್ಲ. ತನ್ನೊಳಗೆ ಏನಿತ್ತೋ ಅದನ್ನೇ ಹೇಳಿತು: ನೀರು ಶುದ್ಧ. ಆ ಫಲಿತಾಂಶ ಬಂದ ದಿನ ಹತ್ತಿ ಸಾಹೇಬರು ಅವಳನ್ನು ಉಗ್ರಾಣಕ್ಕೆ ಕರೆಸಿದರು. ಹೆಡ್‌ಫೋನಿನವನು ಆಗಲೇ ಕಿವಿ ಮುಚ್ಚಿಕೊಂಡು ಕೂತಿದ್ದ. ಮೈಕಿನ ಎದುರು ಏಳನೆಯ ಉತ್ತರ ಮಾತ್ರ ಇಟ್ಟಿತ್ತು. ಕುರ್ಚಿ ಹೊಸದು, ಕಿರುಗುಟ್ಟದ್ದು.

"ಕೂತ್ಕೋಮ್ಮ," ಅಂದರು ಸಾಹೇಬರು. ತಾವು ಮೀಟರಿನ ರಾಶಿಯ ಮೇಲೆ ಕೂರಲು ಹೋಗಿ, ಅದು ಜಾರಿ, ಎದ್ದು ನಿಂತರು. "ನಿನ್ನನ್ನ ಬೈಯೋಕೆ ಬಂದಿಲ್ಲ. ನಿಂದು ಒಳ್ಳೆ ಮನಸ್ಸು. ಮನೆಯೋರ ವಿಷಯ ಬಂದಾಗ ಯಾರಿಗಾದ್ರೂ ಬಾಯಿ ಜಾರುತ್ತೆ."

"ಜಾರಲಿಲ್ಲ ಸಾರ್. ಹೇಳಿದ್ದು."

"ಆಯ್ತು, ಹೇಳಿದ್ದು. ಈಗ ಆ ಬೀದಿಯೋರು ಪಕ್ಕದ ಬೀದಿಗೆ ಹೇಳಿದಾರೆ. ಪಕ್ಕದ ಬೀದಿಗೆ ಏನೂ ಆಗಿಲ್ಲ, ಆದ್ರೂ ಮೂಸೋಕೆ ಶುರು ಮಾಡಿದಾರೆ. ಮೂಸ್ತಾ ಹೋದ್ರೆ ಎಲ್ಲದಕ್ಕೂ ವಾಸನೆ ಇದೆಯಮ್ಮ. ನಾಳೆ ಊರಿಗೆ ಊರೇ ನಲ್ಲಿ ಮುಂದೆ ಮೂಗು ಹಿಡ್ಕೊಂಡು ನಿಂತ್ರೆ?"

"ಏಳನೇದಕ್ಕೆ ಎರಡು ಸಾಲು ಸೇರಿಸಿ ಸಾರ್. ಎಣ್ಣೆ, ಪೆಟ್ರೋಲು, ಬಣ್ಣದ ವಾಸನೆ ಬಂದ್ರೆ ಕುಡೀಬೇಡಿ, ನಾವು ಬರ್ತೀವಿ ಅಂತ. ಈಗಲೇ ಓದ್ತೀನಿ."

"'ನಾವು ಬರ್ತೀವಿ' ಅಂದ್ರೆ ಬರಬೇಕಾಗುತ್ತಲ್ಲಮ್ಮ."

ಹೆಡ್‌ಫೋನಿನವನು ಕೆಮ್ಮಿದ. ಅಥವಾ ನಕ್ಕ.

"ಹೋಗ್ಲಿ, ಮೊದಲ ನೀರನ್ನ ಒಂದು ಬಾಟಲಿಗೆ ಹಿಡಿಸಿ. ಒಂದೇ ಒಂದು."

"ಮೂರನೇ ಉತ್ತರ ಓದಿದ್ದು ನೀನೇ," ಅಂದರು ಸಾಹೇಬರು, ಹತ್ತಿಯನ್ನು ಇನ್ನೊಂದು ಸುತ್ತು ಸುತ್ತಿ. "ಗೇಟಿನಿಂದ ಒಳಗಿರೋ ಪೈಪು ಮನೆಯೋರದ್ದು. ಒಳಗೆ ನಿಂತ ನೀರಿಗೆ ನಾವು ಹೊಣೆ ಅಲ್ಲ. ಆದ್ರೂ..." ಕೈಯಾಡಿಸಿದರು, ದೊಡ್ಡ ಮನಸ್ಸು ಮಾಡುವವರ ಹಾಗೆ. "ಆದ್ರೂ ನಾನು ಕಣ್ಮುಚ್ಕೊಂಡು ಕೂತಿಲ್ಲ. ನಿಮ್ಮ ಚಿಕ್ಕಮ್ಮನ ಮನೆಗೆ ಹೊಸ ಪೈಪು ಹಾಕಿಸ್ತಿದೀನಿ. ಒಳಗೆ ಲೋಹದ ಪದರ ಇರೋದು, ಎಣ್ಣೆ ಇಳಿಯಲ್ಲ. ನಮ್ಮ ಖರ್ಚು. ಆಳುಗಳು ಈಗಾಗಲೇ ಅಲ್ಲಿಗೆ ಹೋಗಿದಾರೆ. ನಿನ್ನ ಖಾಯಂ ಆದೇಶಕ್ಕೂ ಸಹಿ ಆಗಿದೆ. ನೀನು ಮಾಡ್ಬೇಕಾಗಿರೋದು ಇಷ್ಟೇ. ಏಳನೇದನ್ನ ಇರೋ ಹಾಗೇ ಓದು. ಆ ಬೀದಿಯೋರಿಗೆ ಫೋನ್ ಮಾಡಿ, ಅವತ್ತು ಹೇಳಿದ್ದು ತಪ್ಪಾಯ್ತು, ಕುಡೀಬಹುದು ಅನ್ನು."

"ಬೇರೆ ಯಾರ ಕೈಲಾದ್ರೂ ಓದಿಸಿ ಸಾರ್. ಮೇಲೆ ಹಾಲ್ ತುಂಬ ಇದಾರೆ."

"ಓದಿಸಬಹುದು. ನಂಬಬೇಕಲ್ಲ? ಇಷ್ಟು ವರ್ಷ ಈ ಊರು ಕೇಳಿರೋದು ನಿನ್ನ ದನೀನ. ಬೇಡ ಅಂದ ಬಾಯೇ ಬೇಕು ಅನ್ನಬೇಕು."

ಅವಳ ಫೋನು ನಡುಗಿತು. ಚಿಕ್ಕಮ್ಮ. ಸಾಹೇಬರು ಉದಾರವಾಗಿ ತಲೆಯಾಡಿಸಿದರು: ತಗೋ, ಮಾತಾಡು. ಅವಳು ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಒತ್ತಿದಳು.

"ಏನೇ, ನನ್ನ ಬಾಗಿಲಲ್ಲಿ ಗುದ್ದಲಿ ಹಿಡ್ಕೊಂಡು ದಂಡು ನಿಂತಿದೆ? ನಮ್ಮನೆಗೊಂದಕ್ಕೇ ಅಂತೆ ಹೊಸ ಪೈಪು. ಎದುರುಮನೇಗೆ ಅಂದ್ರೆ ಗೊತ್ತಿಲ್ಲ ಅಂತಾರೆ, ಟೈಲರ್‌ಗೆ ಅಂದ್ರೆ ಗೊತ್ತಿಲ್ಲ ಅಂತಾರೆ. ನಿಂದೇನಾದ್ರೂ ಕೈವಾಡ ಇದೆಯಾ?"

"ಇಲ್ಲ ಚಿಕ್ಕಮ್ಮ. ಅವರು ಕೊಡ್ತಿರೋದು. ನಾನು ನೀರು ಚೆನ್ನಾಗಿದೆ ಅಂತ ಓದಿದ್ರೆ."

"ಓಹೋ." ಹಿಂದೆ ಕತ್ತರಿಯ ಕಚಕಚ ಸದ್ದು. "ತಲೆ ಅಲ್ಲಾಡಿಸ್ಬೇಡಪ್ಪ, ಕಿವಿ ಹೋಗುತ್ತೆ. ನಿನಗಲ್ಲ ಕಣೇ, ಇವನಿಗೆ. ಇವರಲ್ಲೊಬ್ಬನ ತಲೆ ಕಾಡಾಗಿತ್ತು, ಕೂರಿಸಿ ಕತ್ತರಿಸ್ತಿದೀನಿ. ಎಷ್ಟೋ ದಿನದ ಮೇಲೆ ಕುರ್ಚಿ ತುಂಬಿದೆ, ಗಂಡಸೋ ಹೆಂಗಸೋ ನೋಡೋಕಾಗುತ್ತಾ?"

"ಚಿಕ್ಕಮ್ಮ, ಅಗೀಲಿ ಅನ್ನಲಾ? ಹೇಳು. ಅಂಗಡಿ ನಿಂದು."

ಕತ್ತರಿ ನಿಂತಿತು.

"ನಂಗೆ ಪೈಪು ಬೇಡ ಅಂತ ಯಾರಂದ್ರು? ಬೇಕು. ದಿನಾ ಖಾಲಿ ಕನ್ನಡಿ ನೋಡಿ ನೋಡಿ ನನ್ನ ಮುಖಾನೇ ನಂಗೆ ಬೇಜಾರಾಗಿದೆ." ಸ್ವಲ್ಪ ತಡೆದಳು. "ಆದ್ರೆ ಎದುರುಮನೆ ಹುಡುಗಿ ದಿನಾ ಕಿಟಕೀಲಿ ಕಾಣ್ತಾಳೆ ಕಣೇ. ಆ ಮಗೂನ ಎತ್ಕೊಂಡು. ಅವಳ ಮುಂದೆ ನಾನು ನಲ್ಲಿ ಬಿಟ್ಕೊಂಡು ತಲೆ ತೊಳೀಲಾ? ನಾನಿವರಿಗೆ ಹೇಳಿದೀನಿ, ಅಗೆಯೋದಾದ್ರೆ ಬೀದಿ ಆ ತುದಿಯಿಂದ ಅಗೀರಿ, ನಮ್ಮನೆ ಬಂದಾಗ ನೋಡೋಣ ಅಂತ. ನನ್ನ ಪೈಪಿನ ಚಿಂತೆ ನಂಗಿರಲಿ. ಬಾಯಿ ನಿಂದು. ಇಡ್ತೀನಿ, ಇವನದಿನ್ನೂ ಒಂದು ಕಡೆ ಬಾಕಿ ಇದೆ."

ಫೋನು ಕತ್ತಲಾಯಿತು.

ಹತ್ತಿ ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಮಾತಾಡಿದಾಗ ಹತ್ತಿ ಹಾಗೇ ಇತ್ತು, ಒಳಗಿನದು ಮಾತ್ರ ಕೈಗೆ ತಗುಲುತ್ತಿತ್ತು.

"ಹಿರಿಯರು, ಹಟ. ನೀನು ಬುದ್ಧಿವಂತೆ. ಯೋಚನೆ ಮಾಡು. ನೀನು ಓದ್ಲಿಲ್ಲ ಅಂದ್ರೆ ಆ ಬೀದಿಗೇನು ಪೈಪು ಬಂದುಬಿಡುತ್ತಾ? ಬರಲ್ಲ. ಚಿಕ್ಕಮ್ಮನಿಗೆ ಬರೋದೂ ನಿಲ್ಲುತ್ತೆ. ನಿನ್ನ ಸೀಟೂ ಹೋಗುತ್ತೆ. ಯಾರಿಗೆ ಏನು ಸಿಕ್ತು? ಓದಿದ್ರೆ ಒಂದು ಮನೆಗಾದ್ರೂ ಒಳ್ಳೆ ನೀರು."

ಅದು ಸರಿಯಾದ ಲೆಕ್ಕವೇ. ಅವಳಿಗೂ ಹಾಗೇ ಕಂಡಿತು. ಎಷ್ಟು ಸರಿಯೆಂದರೆ ತಪ್ಪು ಹುಡುಕಲು ಬೆರಳಿಡುವ ಜಾಗವಿಲ್ಲ. ಬೀದಿ ತುಂಬ ಹಸಿರು ಚುಕ್ಕೆ ಅಂಟಿಸಿದ ಲೆಕ್ಕವೂ ಹೀಗೇ ಸರಿಯಿತ್ತು. ನಾಳೆ ಎದುರುಮನೆಯ ಹುಡುಗಿ ಮಗುವನ್ನು ತೋಳಿನಲ್ಲಿ ಎತ್ತಿಕೊಂಡು ಏಳನ್ನು ಒತ್ತುತ್ತಾಳೆ. ಒತ್ತಿದರೆ ಈ ದನಿ ಬರುತ್ತದೆ, ಗಾಬರಿಯಿಲ್ಲದ್ದು, ಎಲ್ಲರೂ ಮೆಚ್ಚುವಂಥದ್ದು. ಆ ಹುಡುಗಿ ಎಷ್ಟು ಕೂಗಿ ಕೇಳಿದರೂ ಅದು ಬೇರೆ ಮಾತಾಡುವುದಿಲ್ಲ. ತಾನು ಮನೆಯಲ್ಲಿ ನಿದ್ದೆ ಹೋಗಿರುವಾಗಲೂ, ಊಟ ಮಾಡುತ್ತಿರುವಾಗಲೂ, ತನ್ನ ದನಿ ಇಲ್ಲಿ ಎಚ್ಚರವಾಗಿದ್ದು ಅದನ್ನೇ ಹೇಳುತ್ತಿರುತ್ತದೆ.

ಅವಳು ಕುರ್ಚಿಯಿಂದ ಎದ್ದಳು. ಕುರ್ಚಿ ಸದ್ದು ಮಾಡಲಿಲ್ಲ.

"ಮೈಕ್ ಆನ್ ಇದೆಯಾ?" ಅಂತ ಹೆಡ್‌ಫೋನಿನವನನ್ನು ಕೇಳಿದಳು.

ಅವನು ಸಾಹೇಬರನ್ನು ನೋಡಿದ. ಅವಳನ್ನು ನೋಡಿದ. ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು.

"ಶಾಬಾಸ್," ಅಂದರು ಹತ್ತಿ ಸಾಹೇಬರು. ಅಂಗಿಯ ಜೇಬಿನಿಂದ ಖಾಯಂ ಆದೇಶವನ್ನು ತೆಗೆದು, ಮಡಿಕೆ ಬಿಡಿಸಿ, ಮೈಕಿನ ಪಕ್ಕ ಇಟ್ಟರು. "ಓದಮ್ಮ. ನಿಧಾನಕ್ಕೆ."

ಅವಳು ಮೈಕಿನ ಹತ್ತಿರ ಬಗ್ಗಿದಳು. ಊರಿಗೆಲ್ಲ ಗೊತ್ತಿದ್ದ ದನಿಯಲ್ಲೇ, ಒಂದಕ್ಷರವೂ ಜಾರದ ಹಾಗೆ ಹೇಳಿದಳು.

"ಓದಲ್ಲ."